ಎಚ್‌ಐವಿ ಇರುವ ಗರ್ಭಿಣಿಗೆ ವರ್ಣತಂತು ತಪಾಸಣೆ: ಯಾವ ವಾರದಲ್ಲಿ, ಯಾವ ಕ್ರಮದಲ್ಲಿ

ಎಚ್‌ಐವಿ ಇರುವ ಹೆಣ್ಣುಮಗಳು ಗರ್ಭಿಣಿಯಾದಾಗ ಆಸ್ಪತ್ರೆಯ ಮಾತೆಲ್ಲ ಸಹಜವಾಗಿಯೇ ಒಂದು ಕಡೆಗೆ ವಾಲುತ್ತದೆ. ಸೋಂಕು ಮಗುವಿಗೆ ದಾಟದಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ಎಲ್ಲರ ಚಿಂತೆಯಾಗುತ್ತದೆ. ಈ ಗಡಿಬಿಡಿಯಲ್ಲಿ ಡೌನ್ ಸಿಂಡ್ರೋಮ್‌ನಂತಹ ವರ್ಣತಂತುಗಳ (ಕ್ರೋಮೋಸೋಮ್, ಅಂದರೆ ಜೀವಕೋಶದಲ್ಲಿ ಆನುವಂಶಿಕ ಗುಣಗಳನ್ನು ಹೊರುವ ಎಳೆಗಳು) ಏರುಪೇರನ್ನು ಪತ್ತೆ ಮಾಡುವ ತಪಾಸಣೆ ಹಿಂದೆ ಸರಿಯುತ್ತದೆ, ಅದರ ನೆನಪಾಗುವ ಹೊತ್ತಿಗೆ 14ನೇ ವಾರ ದಾಟಿಹೋಗಿರುತ್ತದೆ. ಇನ್ನು ಕೆಲವರು, ಎಚ್‌ಐವಿ ಇದ್ದರೆ ಗರ್ಭನೀರು ತೆಗೆಯಲು ಹೊಟ್ಟೆಗೆ ಸೂಜಿ ಹಾಕುವ ಪರೀಕ್ಷೆ ಮಾಡುವಂತೆಯೇ ಇಲ್ಲ ಎಂದು ಯಾರೋ ಹೇಳಿದ್ದನ್ನು ನಂಬಿ, ರಕ್ತಪರೀಕ್ಷೆಯನ್ನೂ ಬೇಡವೆಂದು ಬಿಡುತ್ತಾರೆ.

ಈ ತಪಾಸಣೆ ಮಾಡಿಸಿಕೊಳ್ಳುವ ಹಕ್ಕು ಎಚ್‌ಐವಿ ಇರುವವರಿಗೂ ಇಲ್ಲದವರಿಗೂ ಒಂದೇ. ಬದಲಾಗುವುದು ಪರೀಕ್ಷೆಗಳ ಕ್ರಮ ಮಾತ್ರ. ರಕ್ತದಲ್ಲಿ ವೈರಸ್ಸಿನ ಪ್ರಮಾಣವನ್ನು ಅಳೆಯುವ ವೈರಲ್ ಲೋಡ್ ಪರೀಕ್ಷೆ ಮತ್ತು ವಾರಗಳಿಗೆ ಕಟ್ಟುಬಿದ್ದ ಗರ್ಭತಪಾಸಣೆ, ಇವೆರಡನ್ನೂ ಮೊದಲ ಭೇಟಿಯಲ್ಲೇ ಜೊತೆಗಿಟ್ಟು ದಿನ ಗೊತ್ತುಮಾಡಿಕೊಂಡರೆ ಮುಂದಿನ ಹೆಜ್ಜೆಗಳಲ್ಲಿ ಹೆಚ್ಚಿನವು ಸಲೀಸಾಗುತ್ತವೆ.

ಮೊದಲೇ ತಿಳಿದಿರಬೇಕಾದ ಮಾತು

ಎಚ್‌ಐವಿಯಿಂದಲೋ ಅದಕ್ಕೆ ತೆಗೆದುಕೊಳ್ಳುವ ಎಆರ್‌ಟಿ ಮಾತ್ರೆಗಳಿಂದಲೋ ಮಗುವಿಗೆ ಡೌನ್ ಸಿಂಡ್ರೋಮ್ ಬರುತ್ತದೆಯೇ ಎಂದು ಬಹಳ ತಾಯಂದಿರು ಒಳಗೊಳಗೇ ಅಂಜುತ್ತಾರೆ, ಬಾಯಿಬಿಟ್ಟು ಕೇಳುವುದಿಲ್ಲ. ಡೌನ್ ಸಿಂಡ್ರೋಮ್ ಇರುವ ಮಗುವಿನ ಜೀವಕೋಶಗಳಲ್ಲಿ 21ನೇ ವರ್ಣತಂತು ಎರಡರ ಬದಲು ಮೂರು ಇರುತ್ತದೆ. ಎಡ್ವರ್ಡ್ಸ್ ಸಿಂಡ್ರೋಮ್‌ನಲ್ಲಿ 18ನೆಯದು, ಪಟಾವು ಸಿಂಡ್ರೋಮ್‌ನಲ್ಲಿ 13ನೆಯದು ಹೀಗೆ ಹೆಚ್ಚಾಗಿರುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಇದು ಅಂಡಾಣು ರೂಪುಗೊಳ್ಳುವಾಗ ಜೋಡಿ ವರ್ಣತಂತುಗಳು ಸರಿಯಾಗಿ ಬೇರ್ಪಡದೆ ಆಗುವ ಏರುಪೇರು. ಇದಕ್ಕೂ ಸೋಂಕಿಗೂ ಮಾತ್ರೆಗೂ ಸಂಬಂಧವಿಲ್ಲ. ಸಾಧ್ಯತೆಯನ್ನು ಮುಖ್ಯವಾಗಿ ಹೆಚ್ಚಿಸುವುದು ತಾಯಿಯ ವಯಸ್ಸು: ಹೆರಿಗೆಯ ಹೊತ್ತಿಗೆ 35 ವರ್ಷದವರಲ್ಲಿ ಸುಮಾರು 350ಕ್ಕೆ ಒಂದು, 40 ವರ್ಷದವರಲ್ಲಿ ಸುಮಾರು 100ಕ್ಕೆ ಒಂದು. ಮಾತ್ರೆಯ ಮೇಲೆ ಅನುಮಾನಪಟ್ಟು ಅದನ್ನು ನಿಲ್ಲಿಸಿದರೆ ವರ್ಣತಂತುವಿನ ವಿಷಯದಲ್ಲಿ ಯಾವ ಲಾಭವೂ ಇಲ್ಲ. ವೈರಸ್ ಏರುತ್ತದೆ, ಅಷ್ಟೇ, ಮತ್ತು ಅದು ನಿಜವಾದ ಅಪಾಯ.

ಮೊದಲ ಹೆಜ್ಜೆ: ವಾರಗಳ ಲೆಕ್ಕವನ್ನೂ ವೈರಲ್ ಲೋಡನ್ನೂ ಒಟ್ಟಿಗೆ ಹಿಡಿಯುವುದು

ಮುಟ್ಟು ನಿಂತದ್ದು ಖಚಿತವಾದ ಕೂಡಲೇ ಎಚ್‌ಐವಿ ವೈದ್ಯರಿಗೂ ಹೆರಿಗೆ ವೈದ್ಯರಿಗೂ ತಿಳಿಸಿ. ಮೊದಲ ಭೇಟಿಯಲ್ಲಿ ಎರಡು ವಿಷಯಗಳು ಕೈಗೆ ಸಿಗಬೇಕು. ಒಂದು, ಸ್ಕ್ಯಾನ್ ಮಾಡಿ ಖಚಿತಪಡಿಸಿದ ಗರ್ಭದ ವಾರ. ಕೊನೆಯ ಮುಟ್ಟಿನ ದಿನವನ್ನು ನೆನಪಿನಿಂದ ಹೇಳಿದರೆ ಒಂದೆರಡು ವಾರ ಆಚೀಚೆ ಆಗಬಹುದು, ಆಗ ಮುಂದಿನ ರಕ್ತಪರೀಕ್ಷೆಯ ಲೆಕ್ಕವೆಲ್ಲ ತಪ್ಪುತ್ತದೆ. ಇನ್ನೊಂದು, ಹೊಸದಾಗಿ ಮಾಡಿಸಿದ ವೈರಲ್ ಲೋಡ್ ಫಲಿತಾಂಶ. ಆರು ತಿಂಗಳ ಹಿಂದಿನ ಚೀಟಿ ಇದಕ್ಕೆ ಸಾಲದು.

ದಿನಗಳ ಲೆಕ್ಕ ಹೀಗೆ. ಎನ್‌ಐಪಿಟಿ ಎಂಬ ರಕ್ತಪರೀಕ್ಷೆಯನ್ನು 10ನೇ ವಾರದಿಂದ ಮಾಡಬಹುದು. ಮಗುವಿನ ಕತ್ತಿನ ಹಿಂಭಾಗವನ್ನು ಅಳೆಯುವ ಎನ್‌ಟಿ ಸ್ಕ್ಯಾನ್ ಮತ್ತು ಡಬಲ್ ಮಾರ್ಕರ್ ಎಂಬ ರಕ್ತಪರೀಕ್ಷೆ ಸೇರಿದ ಸಂಯುಕ್ತ ತಪಾಸಣೆಗೆ 11 ವಾರದಿಂದ 13 ವಾರ 6 ದಿನದವರೆಗೆ ಅವಕಾಶ. ಗರ್ಭನೀರನ್ನು ತೆಗೆದು ಪರೀಕ್ಷಿಸುವ ಆಮ್ನಿಯೋಸೆಂಟೆಸಿಸ್ 15ನೇ ವಾರ ತುಂಬಿದ ಮೇಲೆ. ವೈರಲ್ ಲೋಡ್ ಇಳಿಯಲು ಹಿಡಿಯುವ ಕಾಲ ಮದ್ದಿನ ಮೇಲೆ ನಿಂತಿದೆ. ಗರ್ಭಾವಸ್ಥೆಯ ಕೊನೆಯ ಮೂರು ತಿಂಗಳಲ್ಲಿ ಮದ್ದು ಶುರುಮಾಡಿದ ತಾಯಂದಿರ ಮೇಲೆ ನಡೆದ ಡಾಲ್ಫಿನ್-2 ಅಧ್ಯಯನದಲ್ಲಿ ಡೊಲುಟೆಗ್ರಾವಿರ್ ಎಂಬ ಎಆರ್‌ಟಿ ಮದ್ದು ತೆಗೆದುಕೊಂಡವರ ವೈರಲ್ ಲೋಡ್ 50ಕ್ಕಿಂತ (ಒಂದು ಮಿಲಿಲೀಟರ್ ರಕ್ತದಲ್ಲಿ ವೈರಸ್ಸಿನ 50 ಪ್ರತಿಗಳಿಗಿಂತ) ಕೆಳಗಿಳಿಯಲು ಮಧ್ಯಮ ಲೆಕ್ಕದಲ್ಲಿ 28 ದಿನ ಹಿಡಿದರೆ, ಎಫಾವಿರೆಂಜ್ ಎಂಬ ಇನ್ನೊಂದು ಮದ್ದು ತೆಗೆದುಕೊಂಡವರಿಗೆ 82 ದಿನ ಹಿಡಿಯಿತು. ಅಂದರೆ 8ನೇ ವಾರದಲ್ಲಿ ಸೋಂಕು ತಿಳಿದು ಅಂದೇ ಡೊಲುಟೆಗ್ರಾವಿರ್ ಶುರುವಾದ ಮಹಿಳೆಗೆ, 16ನೇ ವಾರದಲ್ಲಿ ಸೂಜಿಯ ಪರೀಕ್ಷೆ ಬೇಕಾದರೆ, ವೈರಸ್ ಅಷ್ಟರೊಳಗೆ ಹತೋಟಿಗೆ ಬಂದಿರುವ ಸಂಭವ ಚೆನ್ನಾಗಿದೆ. ಮದ್ದನ್ನು 14ನೇ ವಾರಕ್ಕೆ ಮುಂದೂಡಿದರೆ ಈ ಅನುಕೂಲ ಕೈತಪ್ಪುತ್ತದೆ. ಶುರುವಿನ ಒಂದು ವಾರಕ್ಕೆ ಕೊನೆಯ ನಾಲ್ಕು ವಾರದ ಬೆಲೆ ಇದೆ ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಮಾತ್ರೆ ಹೊಟ್ಟೆಯಲ್ಲಿ ಉಳಿಯುವುದೂ ಮೈಗೆ ಹತ್ತುವುದೂ

ಇದು ತಪಾಸಣೆಯ ಭಾಗವಲ್ಲ ಎನ್ನಿಸಬಹುದು, ಆದರೆ ಸೂಜಿಯ ಪರೀಕ್ಷೆಯ ಸುರಕ್ಷತೆ ನಿಂತಿರುವುದೇ ಇದರ ಮೇಲೆ. ಬಸುರಿಯ ವಾಂತಿ ಜೋರಾಗಿರುವುದು ಮೊದಲ ಮೂರು ತಿಂಗಳಲ್ಲಿ, ಮಾತ್ರೆ ತಪ್ಪಬಾರದ ದಿನಗಳೂ ಅವೇ. ಮಾತ್ರೆ ನುಂಗಿದ ಸ್ವಲ್ಪ ಹೊತ್ತಿಗೇ ವಾಂತಿಯಾಗುತ್ತಿದ್ದರೆ ಸಂಕೋಚಪಡದೆ ಹೇಳಿ. ವಾಂತಿಗೆ ಮದ್ದು ಕೊಡಲು, ಮಾತ್ರೆಯ ಹೊತ್ತನ್ನು ಬದಲಿಸಲು ದಾರಿ ಇದೆ.

ಇನ್ನೊಂದು ಕಣ್ತಪ್ಪುವ ವಿಷಯ ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳದ್ದು. ಇವನ್ನು ಖಾಲಿ ಹೊಟ್ಟೆಯಲ್ಲಿ ಡೊಲುಟೆಗ್ರಾವಿರ್ ಜೊತೆಗೇ ನುಂಗಿದರೆ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಕರುಳಿನಲ್ಲಿ ಮದ್ದಿಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಒಂದೋ ಊಟದ ಜೊತೆಗೆ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಳ್ಳಬೇಕು, ಇಲ್ಲವೇ ಡೊಲುಟೆಗ್ರಾವಿರ್ ಅನ್ನು ಇವುಗಳಿಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ತೆಗೆದುಕೊಳ್ಳಬೇಕು. ದಿನವೂ ತಪ್ಪದೆ ಮಾತ್ರೆ ನುಂಗಿಯೂ ವೈರಲ್ ಲೋಡ್ ಇಳಿಯದಿದ್ದರೆ ಮೊದಲು ನೋಡಬೇಕಾದ ಜಾಗ ಇದು. ಹಾಗೆಯೇ ನಿಮ್ಮ ಮಾತ್ರೆಯಲ್ಲಿ ಕೋಬಿಸಿಸ್ಟಾಟ್ (ಜೊತೆಗಿರುವ ಎಚ್‌ಐವಿ ಮದ್ದಿನ ಮಟ್ಟವನ್ನು ಏರಿಸಲು ಸೇರಿಸುವ ಪದಾರ್ಥ) ಇದ್ದರೆ ಮೊದಲ ಭೇಟಿಯಲ್ಲೇ ಹೇಳಿ. ನಾಲ್ಕನೇ ತಿಂಗಳಿನಿಂದ ಮುಂದೆ ಅದರ ಜೊತೆಗಿರುವ ಮದ್ದಿನ ಮಟ್ಟ ರಕ್ತದಲ್ಲಿ ಕುಸಿಯುತ್ತದೆ, ಆದ್ದರಿಂದ ಗರ್ಭಾವಸ್ಥೆಯಲ್ಲಿ ಅದನ್ನು ಸಾಮಾನ್ಯವಾಗಿ ಶಿಫಾರಸು ಮಾಡುವುದಿಲ್ಲ. ಆದರೆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಬದಲಾವಣೆ ವೈದ್ಯರ ಕೈಯಿಂದಲೇ ಆಗಲಿ.

ಎರಡನೆಯ ಹೆಜ್ಜೆ: ಈ ತಪಾಸಣೆ ನಿಮಗೆ ಬೇಕೇ ಎಂದು ಮೊದಲು ತೀರ್ಮಾನಿಸುವುದು

ತಪಾಸಣೆ ಕಡ್ಡಾಯವಲ್ಲ. ಫಲಿತಾಂಶ ಏನೇ ಬಂದರೂ ಗರ್ಭವನ್ನು ಮುಂದುವರಿಸುವೆ, ತಿಳಿದುಕೊಳ್ಳುವುದೂ ಬೇಡ ಎನ್ನುವವರಿಗೆ ಬೇಡವೆನ್ನುವ ಹಕ್ಕಿದೆ. ಮುಂದುವರಿಸುವೆ ನಿಜ, ಆದರೆ ಮಗು ಹುಟ್ಟುವ ಮೊದಲೇ ಸಿದ್ಧವಾಗಿರಬೇಕು ಎನ್ನುವವರಿಗೆ ತಪಾಸಣೆಯಿಂದ ಉಪಯೋಗವಿದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳಿಗೆ ಹೃದಯದ ತೊಂದರೆ ಇರುತ್ತದೆ, ಅದು ಮೊದಲೇ ತಿಳಿದರೆ ಹೆರಿಗೆಯ ಜಾಗವನ್ನೂ ಮಕ್ಕಳ ತಜ್ಞರನ್ನೂ ಗೊತ್ತುಮಾಡಿಕೊಳ್ಳಬಹುದು. ರಕ್ತ ಕೊಡುವ ಮುನ್ನವೇ ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಸಾಧ್ಯತೆ ಹೆಚ್ಚು ಎಂದು ಬಂದರೆ ಮುಂದಿನ ಪರೀಕ್ಷೆಗೆ ನಾನು ಒಪ್ಪುವೆನೇ? ಈ ಉತ್ತರವನ್ನು ಗಂಡನ ಜೊತೆ, ಆಪ್ತಸಮಾಲೋಚಕರ ಜೊತೆ ಮಾತಾಡಿ ಕಂಡುಕೊಳ್ಳಿ. ಮೊದಲ ಮಗುವಿಗೆ ಡೌನ್ ಸಿಂಡ್ರೋಮ್ ಇದ್ದರೆ, ಇಲ್ಲವೇ ಹತ್ತಿರದ ಬಂಧುಗಳಲ್ಲಿ ಇದ್ದರೆ, ಅದನ್ನೂ ಆಗಲೇ ಹೇಳಬೇಕು, ಏಕೆಂದರೆ ಸಣ್ಣ ಪ್ರಮಾಣದಲ್ಲಿ ಅದು ತಂದೆ ಅಥವಾ ತಾಯಿಯಿಂದ ಬರುವ ಬಗೆಯೂ ಇದೆ.

ಗುಟ್ಟಿನ ವಿಷಯವನ್ನೂ ಇಲ್ಲೇ ಇತ್ಯರ್ಥ ಮಾಡಿಕೊಳ್ಳಿ. ಅತ್ತೆಯೋ ಅಕ್ಕನೋ ಜೊತೆಗೆ ಬರುವವರಿದ್ದು, ಅವರಿಗೆ ನಿಮ್ಮ ಎಚ್‌ಐವಿ ವಿಷಯ ತಿಳಿದಿಲ್ಲವಾದರೆ, ವೈರಲ್ ಲೋಡಿನ ಮಾತನ್ನು ನಿಮ್ಮೊಬ್ಬರ ಬಳಿಯೇ ಆಡಬೇಕೆಂದು ವೈದ್ಯರಿಗೂ ದಾದಿಗೂ ಮುಂಚೆಯೇ ಹೇಳಿಡಿ. ಸೂಜಿಯ ಪರೀಕ್ಷೆ ಮಾಡುವ ವೈದ್ಯರಿಗೆ ಮಾತ್ರ ಈ ವಿಷಯ ಖಂಡಿತ ತಿಳಿದಿರಬೇಕು, ಏಕೆಂದರೆ ಅವರು ಸೂಜಿ ಹಾಕುವ ಜಾಗ, ದಿನ ಎರಡೂ ಅದರಿಂದ ನಿರ್ಧಾರವಾಗುತ್ತವೆ.

ಮೂರನೆಯ ಹೆಜ್ಜೆ: ಮೊದಲ ತಪಾಸಣೆಯನ್ನು ಆರಿಸಿಕೊಳ್ಳುವುದು

ಸಂಯುಕ್ತ ತಪಾಸಣೆಯಲ್ಲಿ ಎರಡು ಭಾಗ. ಸ್ಕ್ಯಾನಿನಲ್ಲಿ ಮಗುವಿನ ಕತ್ತಿನ ಹಿಂಭಾಗದ ಚರ್ಮದಡಿ ಇರುವ ದ್ರವದ ಪದರವನ್ನು ಅಳೆಯುತ್ತಾರೆ. ಮಗುವಿನ ಉದ್ದ ತಲೆಯಿಂದ ಕುಂಡೆಯವರೆಗೆ 45ರಿಂದ 84 ಮಿಲಿಮೀಟರ್ ಇರುವಾಗಲಷ್ಟೇ ಈ ಅಳತೆ ಲೆಕ್ಕಕ್ಕೆ ಬರುತ್ತದೆ. ರಕ್ತದಲ್ಲಿ ಮಾಸಿನಿಂದ ಬರುವ ಎರಡು ಪದಾರ್ಥಗಳನ್ನು, ಅಂದರೆ ಪ್ಯಾಪ್-ಎ ಮತ್ತು ಬೀಟಾ ಎಚ್‌ಸಿಜಿಯನ್ನು, ನೋಡುತ್ತಾರೆ. ಡೌನ್ ಸಿಂಡ್ರೋಮ್ ಇರುವ ಗರ್ಭಗಳಲ್ಲಿ ಸಾಮಾನ್ಯವಾಗಿ ದ್ರವದ ಪದರ ದಪ್ಪ, ಪ್ಯಾಪ್-ಎ ಕಡಿಮೆ, ಎಚ್‌ಸಿಜಿ ಹೆಚ್ಚು. ಇವನ್ನು ತಾಯಿಯ ವಯಸ್ಸಿನೊಂದಿಗೆ ಸೇರಿಸಿ ಲೆಕ್ಕ ಹಾಕಿದರೆ, ಡೌನ್ ಸಿಂಡ್ರೋಮ್ ಇರುವ 100 ಗರ್ಭಗಳಲ್ಲಿ 85ರಿಂದ 90 ಪತ್ತೆಯಾಗುತ್ತವೆ. ಅದೇ ವೇಳೆಗೆ ಯಾವ ಏರುಪೇರೂ ಇಲ್ಲದ 100 ಗರ್ಭಗಳಲ್ಲಿ ಸುಮಾರು 5 ಸುಮ್ಮನೆ ಅನುಮಾನಕ್ಕೆ ಒಳಗಾಗುತ್ತವೆ.

ಎಚ್‌ಐವಿ ಇಲ್ಲಿ ಅಡ್ಡ ಬರುವುದು ಎಚ್‌ಸಿಜಿಯ ಜಾಗದಲ್ಲಿ. ಎಚ್‌ಐವಿ ಇರುವ ಗರ್ಭಿಣಿಯರಲ್ಲಿ ಎಚ್‌ಸಿಜಿ ಮತ್ತು ಎಎಫ್‌ಪಿ ಎಂಬ ಪ್ರೋಟೀನು ಹೆಚ್ಚಾಗಿರುವುದನ್ನೂ, ಈಸ್ಟ್ರಿಯೋಲ್ ಎಂಬ ಹಾರ್ಮೋನು ಕಡಿಮೆ ಇರುವುದನ್ನೂ ಕೆಲವು ಅಧ್ಯಯನಗಳು ಕಂಡಿವೆ. ಎಆರ್‌ಟಿ ತೆಗೆದುಕೊಳ್ಳುವವರಲ್ಲಿ ಎಚ್‌ಸಿಜಿ ಇಳಿದದ್ದನ್ನು ಕಂಡ ಅಧ್ಯಯನಗಳೂ ಇವೆ. ಎಚ್‌ಸಿಜಿ ಹೆಚ್ಚಾದರೆ ಗಣಕಯಂತ್ರದ ಲೆಕ್ಕ ಡೌನ್ ಸಿಂಡ್ರೋಮ್‌ನ ಕಡೆಗೆ ವಾಲುತ್ತದೆ, ಮಗು ಚೆನ್ನಾಗಿದ್ದರೂ ತಾಯಿಗೆ ಸೂಜಿಯ ಪರೀಕ್ಷೆಯ ಸಲಹೆ ಬರಬಹುದು. ಕತ್ತಿನ ಅಳತೆ ಮತ್ತು ಪ್ಯಾಪ್-ಎ ಮೇಲೆ ಸೋಂಕಿನ ಅಥವಾ ಮದ್ದಿನ ಪ್ರಭಾವ ಕಂಡಿಲ್ಲ. ಈ ಕಾರಣದಿಂದಲೇ ಬ್ರಿಟಿಷ್ ಎಚ್‌ಐವಿ ಅಸೋಸಿಯೇಷನ್‌ನ ಮಾರ್ಗಸೂಚಿಯು ಈ ತಾಯಂದಿರಿಗೆ 11ರಿಂದ 14ನೇ ವಾರದ ಸಂಯುಕ್ತ ತಪಾಸಣೆಯೇ ಮೇಲು ಎನ್ನುತ್ತದೆ, ಮತ್ತು ಅದರಲ್ಲಿ ಅಪಾಯ ಹೆಚ್ಚು ಎಂದು ಬಂದವರಿಗೆ ಸೂಜಿಗೆ ಮೊದಲು ಎನ್‌ಐಪಿಟಿಯ ಅವಕಾಶ ಕೊಡಬೇಕೆಂದು ಹೇಳುತ್ತದೆ.

ಎನ್‌ಐಪಿಟಿ ನಡೆಯುವ ರೀತಿಯೇ ಬೇರೆ. ತಾಯಿಯ ರಕ್ತದಲ್ಲಿ ತೇಲುವ ಡಿಎನ್‌ಎ ಚೂರುಗಳಲ್ಲಿ ಒಂದು ಪಾಲು ಮಾಸಿನಿಂದ ಬಂದದ್ದು. 10ನೇ ವಾರದ ಹೊತ್ತಿಗೆ ಅದು ಸರಾಸರಿ ಶೇಕಡಾ 10ರಷ್ಟಿರುತ್ತದೆ. ಯಂತ್ರವು ಲಕ್ಷಗಟ್ಟಲೆ ಚೂರುಗಳನ್ನು ಓದಿ, 21ನೇ ವರ್ಣತಂತುವಿನ ಚೂರುಗಳು ಇರಬೇಕಾದ್ದಕ್ಕಿಂತ ಹೆಚ್ಚಿವೆಯೇ ಎಂದು ಎಣಿಸುತ್ತದೆ. ಇದರಲ್ಲಿ ಹಾರ್ಮೋನುಗಳ ಏರಿಳಿತಕ್ಕೆ ಜಾಗವಿಲ್ಲ, ತಾಯಿಯ ತೋಳಿನಿಂದ ರಕ್ತ ತೆಗೆಯುವುದರಿಂದ ಮಗುವಿಗೆ ಸೋಂಕು ತಗಲುವ ಮಾತೂ ಇಲ್ಲ. ಸಾಧ್ಯವಿದ್ದವರು ಇದನ್ನೇ ಮೊದಲ ತಪಾಸಣೆಯಾಗಿ ಆರಿಸಿಕೊಂಡರೆ, ಅಗತ್ಯವಿಲ್ಲದ ಸೂಜಿ ತಪ್ಪುವ ಸಂಭವ ಎಲ್ಲಕ್ಕಿಂತ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಎನ್‌ಟಿ ಸ್ಕ್ಯಾನನ್ನು ಆಗಲೂ ಬಿಡಬಾರದು, ಅದರಲ್ಲಿ ವರ್ಣತಂತುವಿಗೆ ಸಂಬಂಧಿಸದ ತೊಂದರೆಗಳೂ ಕಾಣುತ್ತವೆ. ತಾಯಿಯ ತೂಕ ಬಹಳ ಹೆಚ್ಚಿದ್ದರೆ, ಅಥವಾ ಹೆಪಾರಿನ್ ಚುಚ್ಚುಮದ್ದು ನಡೆಯುತ್ತಿದ್ದರೆ ಮಾಸಿನ ಡಿಎನ್‌ಎ ಪಾಲು ಕಡಿಮೆಯಾಗಿ ಫಲಿತಾಂಶ ಬಾರದೆ ಹೋಗಬಹುದು. ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ, ಅಂಗಾಂಗ ಕಸಿಯಾಗಿದ್ದರೆ, ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದಿದ್ದರೆ ಮೊದಲೇ ತಿಳಿಸಿ. ಎಚ್‌ಐವಿಯ ಜೊತೆಗೆ ಬರಬಹುದಾದ ಲಿಂಫೋಮಾದಂತಹ ಕ್ಯಾನ್ಸರ್‌ಗಳೂ ತಮ್ಮ ಡಿಎನ್‌ಎಯನ್ನು ರಕ್ತಕ್ಕೆ ಚೆಲ್ಲಿ ಎಣಿಕೆಯನ್ನು ಕೆಡಿಸುತ್ತವೆ.

14ನೇ ವಾರ ದಾಟಿ ಬಂದವರಿಗೆ ಎಎಫ್‌ಪಿ, ಎಚ್‌ಸಿಜಿ, ಈಸ್ಟ್ರಿಯೋಲ್, ಇನ್‌ಹಿಬಿನ್-ಎ ನೋಡುವ ಕ್ವಾಡ್ರುಪಲ್ ಪರೀಕ್ಷೆ ಇದೆ. ಮೇಲೆ ಹೇಳಿದ ಏರಿಳಿತಗಳೆಲ್ಲ ಬರುವುದು ಇದರಲ್ಲಿಯೇ, ಹಾಗಾಗಿ ಎನ್‌ಐಪಿಟಿ ಸಿಗುವಲ್ಲಿ ಅದಕ್ಕೇ ಹೋಗುವುದು ಒಳ್ಳೆಯದು.

ನಾಲ್ಕನೆಯ ಹೆಜ್ಜೆ: ಚೀಟಿಯನ್ನು ಓದುವುದು

ಸಂಯುಕ್ತ ತಪಾಸಣೆಯ ಚೀಟಿಯ ಕೊನೆಯಲ್ಲಿ 1:180 ಎಂದು ಬರೆದು, ಪಕ್ಕದಲ್ಲಿ ಕೆಂಪಕ್ಷರದಲ್ಲಿ ಅಪಾಯ ಹೆಚ್ಚು ಎಂದು ಮುದ್ರಿಸಿದೆ ಎಂದಿಟ್ಟುಕೊಳ್ಳಿ. ಆ ಕೆಂಪು ನೋಡಿಯೇ ಕೈಕಾಲು ತಣ್ಣಗಾಗುತ್ತದೆ. ಸಾವಧಾನವಾಗಿ ಓದಿದರೆ ಅದರ ಅರ್ಥ ಇಷ್ಟು: ಇಂಥದೇ ಫಲಿತಾಂಶ ಬಂದ 180 ತಾಯಂದಿರಲ್ಲಿ ಒಬ್ಬರ ಮಗುವಿಗೆ ಡೌನ್ ಸಿಂಡ್ರೋಮ್ ಇರುತ್ತದೆ, 179 ಜನರ ಮಗುವಿಗೆ ಇರುವುದಿಲ್ಲ. ಕೆಂಪಕ್ಷರ ಬಂದದ್ದು ಪ್ರಯೋಗಾಲಯವು ಇಟ್ಟುಕೊಂಡ ಗೆರೆಯಿಂದ. ಕೆಲವು ಕಡೆ ಗೆರೆ 1:150, ಕೆಲವು ಕಡೆ 1:250. ಮೊದಲನೆಯ ಕಡೆ ಇದೇ 1:180 ಕಪ್ಪಕ್ಷರದಲ್ಲಿ ಬರುತ್ತಿತ್ತು. ಚೀಟಿಯ ಮೇಲ್ಭಾಗವನ್ನೂ ಬೆರಳಿಟ್ಟು ನೋಡಿ: ಹುಟ್ಟಿದ ದಿನ, ತೂಕ, ಗರ್ಭದ ವಾರ, ಅವಳಿಯೋ ಒಂದೇ ಮಗುವೋ, ಸಕ್ಕರೆ ಕಾಯಿಲೆ, ಧೂಮಪಾನ. ಇವುಗಳಲ್ಲಿ ಒಂದು ತಪ್ಪಾಗಿದ್ದರೂ ಕೆಳಗಿನ ಅಂಕಿ ತಪ್ಪಾಗುತ್ತದೆ, ತಿದ್ದಿಸಿ ಮತ್ತೆ ಲೆಕ್ಕ ಹಾಕಿಸಬಹುದು.

ಎನ್‌ಐಪಿಟಿ ಚೀಟಿಗೂ ಇದೇ ಸಾವಧಾನ ಬೇಕು. ಅದು ಡೌನ್ ಸಿಂಡ್ರೋಮ್ ಇರುವ 100 ಗರ್ಭಗಳಲ್ಲಿ 99ನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ಸಾವಿರಕ್ಕೆ ಒಬ್ಬರಿಗಷ್ಟೇ ತಪ್ಪಾಗಿ ಇದೆ ಎನ್ನುತ್ತದೆ ಎಂದು ಹಿಡಿಯೋಣ. ಸಾಧ್ಯತೆ ಸಾವಿರಕ್ಕೆ ಒಂದು ಇರುವ ಸಣ್ಣ ವಯಸ್ಸಿನ ಸಾವಿರ ತಾಯಂದಿರಲ್ಲಿ, ಹಾಗಾದರೆ, ಒಬ್ಬರಿಗೆ ನಿಜವಾಗಿ, ಒಬ್ಬರಿಗೆ ತಪ್ಪಾಗಿ ಇದೆ ಎಂಬ ಫಲಿತಾಂಶ ಬರುತ್ತದೆ. ಅಂದರೆ ಅರ್ಧಕ್ಕರ್ಧ. 40 ವರ್ಷದ ಸಾವಿರ ತಾಯಂದಿರಲ್ಲಿ ನಿಜವಾದ ಹತ್ತಕ್ಕೆ ತಪ್ಪಾದದ್ದು ಒಂದು. ಈ ಡಿಎನ್‌ಎ ಮಾಸಿನದು, ಮತ್ತು ಅಪರೂಪಕ್ಕೆ ಮಾಸಿನಲ್ಲಿ ಮಾತ್ರ ಏರುಪೇರು ಇದ್ದು ಮಗು ಸರಿಯಾಗಿರುತ್ತದೆ. ಆದ್ದರಿಂದ ಎನ್‌ಐಪಿಟಿಯಲ್ಲಿ ಇದೆ ಎಂದು ಬಂದ ಮಾತ್ರಕ್ಕೆ ಗರ್ಭದ ಬಗ್ಗೆ ಹಿಂದೆ ತೆಗೆದುಕೊಳ್ಳಲಾಗದ ಯಾವ ತೀರ್ಮಾನವನ್ನೂ ಮಾಡಬಾರದು. ಖಚಿತಪಡಿಸುವುದು ಸೂಜಿಯ ಪರೀಕ್ಷೆಯೇ.

ಐದನೆಯ ಹೆಜ್ಜೆ: ಸೂಜಿಯ ಪರೀಕ್ಷೆ ಬೇಕಾದಾಗ

ಅಂಜಿಕೆ ಇರುವುದು ಇಲ್ಲಿ, ಅಂಜಿಕೆಗೆ ಕಾರಣವೂ ಇದೆ. ತಾಯಿಯ ಹೊಟ್ಟೆಯನ್ನು ಹಾದುಹೋಗುವ ಸೂಜಿಯ ಜೊತೆಗೆ ಆಕೆಯ ರಕ್ತ ಮಗುವಿನ ನೀರಿನ ಚೀಲದೊಳಗೆ ಹೋಗಬಹುದು, ಆ ರಕ್ತದಲ್ಲಿ ವೈರಸ್ ಹೆಚ್ಚಿದ್ದರೆ ಮಗುವಿಗೆ ಸೋಂಕು ತಗಲಬಹುದು. ಪರಿಣಾಮಕಾರಿ ಮದ್ದಿಲ್ಲದ ಕಾಲದಲ್ಲಿ ಹಾಗೆ ಆಗಿತ್ತು. ಮದ್ದು ಬಂದ ಮೇಲೆ ಚಿತ್ರ ಬದಲಾಗಿದೆ. ಫ್ರಾನ್ಸ್‌ನ ತಾಯಿ-ಮಗು ಅಧ್ಯಯನವೊಂದು 2009ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಮದ್ದುಗಳ ಸಂಯುಕ್ತ ಚಿಕಿತ್ಸೆಯಲ್ಲಿದ್ದು ಆಮ್ನಿಯೋಸೆಂಟೆಸಿಸ್ ಮಾಡಿಸಿಕೊಂಡ 81 ತಾಯಂದಿರಲ್ಲಿ ಒಬ್ಬರ ಮಗುವಿಗೂ ಸೋಂಕು ತಗಲಿರಲಿಲ್ಲ. 81 ದೊಡ್ಡ ಸಂಖ್ಯೆಯಲ್ಲ, ಅಪಾಯ ಸೊನ್ನೆ ಎನ್ನುವಂತಿಲ್ಲ, ಆದರೆ ಪರೀಕ್ಷೆಯನ್ನೇ ನಿರಾಕರಿಸಲು ಕಾರಣವಿಲ್ಲ ಎನ್ನಲು ಅದು ಸಾಕು.

ಸೂಜಿಗೆ ಮೊದಲು ವೈರಲ್ ಲೋಡ್ 50ಕ್ಕಿಂತ ಕೆಳಗಿರಬೇಕು. ಹೆಚ್ಚಿದ್ದರೆ, ಆಮ್ನಿಯೋಸೆಂಟೆಸಿಸ್‌ಗೆ 15ನೇ ವಾರದ ಆಚೆ ಕೊನೆಯ ದಿನವೆಂಬುದು ವೈದ್ಯಕೀಯವಾಗಿ ಇಲ್ಲದಿರುವುದರಿಂದ, ಮದ್ದನ್ನು ಸರಿಪಡಿಸಿ ಕೆಲವು ವಾರ ಕಾಯುವುದು ಸಾಮಾನ್ಯವಾಗಿ ಸಾಧ್ಯ. ಗರ್ಭ ಮುಂದುವರಿಸುವ ಅಥವಾ ನಿಲ್ಲಿಸುವ ತೀರ್ಮಾನಕ್ಕೆ ಆಯಾ ದೇಶದ ಕಾನೂನು ಇಟ್ಟಿರುವ ವಾರಗಳ ಮಿತಿಯನ್ನು ಮಾತ್ರ ಮುಂಚಿತವಾಗಿ ಕೇಳಿಕೊಳ್ಳಿ. ಕಾಯಲು ಆಗದೇ ಇದ್ದಾಗ, ವೈರಸ್ಸನ್ನು ಬೇಗ ಇಳಿಸುವ ರಾಲ್ಟೆಗ್ರಾವಿರ್ ಸೇರಿದ ಚಿಕಿತ್ಸೆಯನ್ನು ಶುರುಮಾಡಿ, ಸೂಜಿಗೆ 2ರಿಂದ 4 ಗಂಟೆ ಮೊದಲು ನೆವಿರಪಿನ್‌ನ ಒಂದು ಡೋಸ್ ಕೊಡುವ ಕ್ರಮವನ್ನು ಬ್ರಿಟಿಷ್ ಮಾರ್ಗಸೂಚಿ ಹೇಳುತ್ತದೆ. ಇದು ಎಚ್‌ಐವಿ ತಜ್ಞರು ಕೂತು ತೀರ್ಮಾನಿಸಬೇಕಾದ ವಿಷಯ. ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಯ ಫಲಿತಾಂಶಗಳೂ ಆ ದಿನಕ್ಕೆ ಮೊದಲೇ ಕೈಯಲ್ಲಿರಬೇಕು, ಅವೂ ಇದೇ ದಾರಿಯಲ್ಲಿ ದಾಟಬಲ್ಲವು.

11ರಿಂದ 14ನೇ ವಾರದ ನಡುವೆ ಮಾಸಿನ ಚೂರನ್ನೇ ತೆಗೆಯುವ ಕೋರಿಯಾನಿಕ್ ವಿಲ್ಲಸ್ ಪರೀಕ್ಷೆಯೂ ಇದೆ. ಅದರಲ್ಲಿ ಸೂಜಿ ಮಾಸಿನೊಳಗೇ ಹೋಗಬೇಕಾಗುತ್ತದೆ. ಎಚ್‌ಐವಿ ಇರುವವರಲ್ಲಿ ಅದರ ಅನುಭವವೂ ಕಡಿಮೆ, ಆದ್ದರಿಂದ ಸಾಮಾನ್ಯವಾಗಿ ಆಮ್ನಿಯೋಸೆಂಟೆಸಿಸ್‌ಗೇ ಮೊದಲ ಸ್ಥಾನ.

ಆ ದಿನ ನಡೆಯುವುದು ಇಷ್ಟು. ಹೊಟ್ಟೆಯನ್ನು ಔಷಧದಿಂದ ಒರೆಸಿ, ಸ್ಕ್ಯಾನಿನ ಪರದೆಯ ಮೇಲೆ ಮಾಸು ಎಲ್ಲಿ ಅಂಟಿಕೊಂಡಿದೆ, ಮಗು ಎಲ್ಲಿದೆ, ನೀರು ಎಲ್ಲಿ ನಿಂತಿದೆ ಎಂದು ನೋಡುತ್ತಾರೆ. ತೆಳುವಾದ ಸೂಜಿ ಪರದೆಯ ಮೇಲೆ ಬಿಳಿಯ ಗೆರೆಯಂತೆ ಕಾಣುತ್ತಾ, ಮಾಸನ್ನು ತಪ್ಪಿಸಿ ಕಪ್ಪಾಗಿ ಕಾಣುವ ನೀರಿನೊಳಗೆ ಇಳಿಯುತ್ತದೆ. ಮೊದಲ ಒಂದೆರಡು ಮಿಲಿಲೀಟರ್ ನೀರಿನಲ್ಲಿ ತಾಯಿಯ ಜೀವಕೋಶಗಳು ಬೆರೆತಿರಬಹುದೆಂದು ಅದನ್ನು ಚೆಲ್ಲಿ, ನಂತರ 15ರಿಂದ 20 ಮಿಲಿಲೀಟರ್ ತಿಳಿ ಹಳದಿ ನೀರನ್ನು ತೆಗೆಯುತ್ತಾರೆ. ಕೆಲವೇ ನಿಮಿಷಗಳ ಕೆಲಸ. ಮಾಸು ಮುಂಭಾಗದಲ್ಲಿದ್ದರೆ ಅದನ್ನು ತಪ್ಪಿಸುವ ದಾರಿ ಇದೆಯೇ ಎಂದು ವೈದ್ಯರನ್ನು ಮೊದಲೇ ಕೇಳಿ, ಈ ಪರೀಕ್ಷೆಯನ್ನು ಪದೇಪದೇ ಮಾಡಿ ಕೈ ಪಳಗಿದವರ ಬಳಿಯೇ ಮಾಡಿಸಿಕೊಳ್ಳಿ. ಪಳಗಿದ ಕೈಯಲ್ಲಿ ಇದರಿಂದ ಗರ್ಭಪಾತವಾಗುವ ಹೆಚ್ಚುವರಿ ಸಂಭವ 200ಕ್ಕೆ ಒಂದಕ್ಕಿಂತ ಕಡಿಮೆ.

ಸೂಜಿಯ ನಂತರ

ಆ ದಿನದ ಎಆರ್‌ಟಿ ಮಾತ್ರೆ ತಪ್ಪಬಾರದು. ರಕ್ತದ ಗುಂಪು ಆರ್‌ಎಚ್ ನೆಗೆಟಿವ್ ಆಗಿದ್ದರೆ 72 ಗಂಟೆಯೊಳಗೆ ಆಂಟಿ-ಡಿ ಚುಚ್ಚುಮದ್ದು ಬೇಕಾಗುತ್ತದೆ. ಒಂದೆರಡು ದಿನ ಕಿಬ್ಬೊಟ್ಟೆಯಲ್ಲಿ ಸಣ್ಣ ನೋವು ಸಹಜ. ನೀರು ಸೋರಿದರೆ, ರಕ್ತ ಕಂಡರೆ, ಚಳಿಜ್ವರ ಬಂದರೆ, ನೋವು ಏರುತ್ತಾ ಹೋದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಮುಖ್ಯ ಮೂರು ಏರುಪೇರುಗಳ ತ್ವರಿತ ಫಲಿತಾಂಶ ಕೆಲವು ದಿನಗಳಲ್ಲಿ, ವರ್ಣತಂತುಗಳ ಪೂರ್ಣ ಚಿತ್ರ ಸುಮಾರು ಎರಡರಿಂದ ಮೂರು ವಾರದಲ್ಲಿ ಬರುತ್ತದೆ. ಅದರಿಂದ ಮಗುವಿಗೆ ಎಚ್‌ಐವಿ ಇದೆಯೇ ಇಲ್ಲವೇ ಎಂಬುದು ತಿಳಿಯುವುದಿಲ್ಲ. ಅದನ್ನು ಹೇಳುವುದು ಹುಟ್ಟಿದ ಮೇಲೆ ಮಗುವಿನ ರಕ್ತದಲ್ಲಿ ವೈರಸ್ಸನ್ನೇ ಹುಡುಕುವ ಪರೀಕ್ಷೆಗಳು. ವರ್ಣತಂತುಗಳ ಫಲಿತಾಂಶ ಸರಿಯಾಗಿಯೇ ಬಂದಿದ್ದರೂ 18ರಿಂದ 22ನೇ ವಾರದ ನಡುವಿನ ವಿವರವಾದ ಸ್ಕ್ಯಾನನ್ನು ಬಿಡಬೇಡಿ. ಏರುಪೇರು ಇದೆ ಎಂದು ಬಂದಿದ್ದರೆ ಆನುವಂಶಿಕ ತಜ್ಞರನ್ನೂ ಮಕ್ಕಳ ತಜ್ಞರನ್ನೂ ಕಂಡು ಮಾತಾಡಿ, ಮಗುವಿನ ಹೃದಯದ ಸ್ಕ್ಯಾನ್ ಮಾಡಿಸಿ. ನಿಮ್ಮ ತೀರ್ಮಾನಕ್ಕೆ ಎಚ್‌ಐವಿಯನ್ನು ಕಾರಣವಾಗಿ ಯಾರೂ ಮುಂದಿಡದಂತೆ ನೋಡಿಕೊಳ್ಳಿ. ಗರ್ಭ ಮುಂದುವರಿಯುವುದಾದರೆ 36ನೇ ವಾರದ ಸುಮಾರಿಗೆ ಮತ್ತೆ ವೈರಲ್ ಲೋಡ್ ಮಾಡಿಸಬೇಕು. ಅದು 50ಕ್ಕಿಂತ ಕೆಳಗಿದ್ದು ಬೇರೆ ತೊಂದರೆ ಇಲ್ಲದಿದ್ದರೆ, ಸೂಜಿಯ ಪರೀಕ್ಷೆ ಮಾಡಿಸಿಕೊಂಡಿದ್ದ ತಾಯಿಗೂ ಸಹಜ ಹೆರಿಗೆಗೆ ಅಡ್ಡಿಯಿಲ್ಲ.